ವಸ್ತಾದರ ಕೈಯ ಹಾಲು

೧೯೮೪ರ ಫೆಬ್ರುವರಿ ೧೨, ರವಿವಾರ. ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಹಜರಾಬಿ ಎಂಬ ಹೆಣ್ಣುಮಗಳು ಆಳಂದ ಪೊಲೀಸ್ ಠಾಣೆಗೆ ಬಂದಳು. ಅವಳ ಗಂಡ ಖಾದರಸಾಬ ಪೈಲ್ವಾನ. ಅಂದು ನಾಲ್ಕು ಗಂಟೆಗೆ ಸಾಂಗ್ಲಿಯ ಪೈಲ್ವಾನನೊಂದಿಗೆ ಅವನ ಕುಸ್ತಿ ಗೊತ್ತಾಗಿತ್ತು; ಊರ ಗೋಡೆಗಳ ಮೇಲೆಲ್ಲ ಅದರದೇ ಪೋಸ್ಟರು. ಆ ಖಾದರಸಾಬ ಈಗ ಸರಕಾರಿ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ.

ಹೆಡ್ ಕಾನ್‌ಸ್ಟೇಬಲ್ ಉಸ್ಮಾನಸಾಬ ದೂರು ಬರೆದುಕೊಳ್ಳತೊಡಗಿದ.

"ಯಾರೋ ಏನೋ ಕುಡಿಸ್ಯಾರ್ರಿ," ಎಂದಳು ಹಜರಾಬಿ. "ಮಂದಿ ನೋಡಿದ್ರ, ಸಾಂಗ್ಲಿಯವಗ ಹೆದರಿ ನಿಶಾ ಮಾಡಿ ಮಲಗ್ಯಾನ ಅಂತಾರ. ನನ್ನ ಗಂಡ ಹೆದರೂ ಮನಷ್ಯಾ ಅಲ್ರಿ. ಮದಲ ಅದನ್ನ ಬರೀರಿ."

"ಮುಂಜಾನಿಂದ ಏನ್ ತಿಂದಾನ?"

"ನನ್ನ ಕೈಲೆ ಗುಟುಕು ನೀರೂ ಇಲ್ಲ. ಕುಸ್ತಿ ದಿನಾ ವಸ್ತಾದರ ಕೈಲೆ ಅಷ್ಟೇ."

ಉಸ್ಮಾನಸಾಬನ ಪೆನ್ನು ಅರೆಗಳಿಗೆ ನಿಂತಿತು. ಆ ಕಡೆಯ ತಾಲೀಮುಗಳಲ್ಲಿ, ಅಂದರೆ ಗರಡಿಮನೆಗಳಲ್ಲಿ, ಇದು ಮೊದಲಿನಿಂದ ಬಂದ ಕಟ್ಟಳೆ. ಎದುರಾಳಿಯ ಕಡೆಯವರು ಏನಾದರೂ ಬೆರೆಸಿಯಾರೆಂದು, ಕುಸ್ತಿಯ ದಿನ ಪೈಲ್ವಾನ ತನಗೆ ಪಟ್ಟು ಕಲಿಸಿದ ವಸ್ತಾದನ ಕೈಯಿಂದಲ್ಲದೆ ಬೇರೆ ಏನನ್ನೂ ಮುಟ್ಟುವುದಿಲ್ಲ. ಖಾದರಸಾಬನ ವಸ್ತಾದ ದೌಲತರಾಯ. ಈ ಕುಸ್ತಿಯನ್ನು ಗೊತ್ತು ಮಾಡಿದವನೂ ಅವನೇ. ಇಪ್ಪತ್ತು ವರ್ಷದ ಹಿಂದೆ ಉಸ್ಮಾನಸಾಬನೂ ಅದೇ ತಾಲೀಮಿನ ಮಣ್ಣು ಹದ ಮಾಡಿದವ, ಅದೇ ಕೈಯ ಬಾದಾಮಿ ಹಾಲು ಕುಡಿದವ. ಅವನು ಬರೆಯುವುದನ್ನು ಮುಂದುವರಿಸಿದ.

ಅಮಲು ಪದಾರ್ಥ ಕುಡಿಸಿದ್ದಕ್ಕೆ ಐಪಿಸಿ ೩೨೮ರ ಕೆಳಗೆ ಎಫ್‌ಐಆರ್ ಆಯಿತು. ಸಬ್‌ಇನ್‌ಸ್ಪೆಕ್ಟರ್ ವ್ಯಂಕಟೇಶ ಮೂರೂವರೆಗೆ ತಾಲೀಮಿಗೆ ಹೋಗಿ ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿದರು. ಹಿತ್ತಾಳೆ ಚಂಬು, ಬಾದಾಮಿ ಅರೆಯುವ ಕಲ್ಲು, ಕಲ್ಲಿನ ಸಂದಿಯಲ್ಲಿ ಮುದುಡಿ ಬಿದ್ದಿದ್ದ ಒಂದು ಕಾಗದದ ಚೀಲ ಜಪ್ತಿಯಾದವು. ಚೀಲದ ಮೇಲೆ ಅಫಜಲಪುರದ ಔಷಧಿ ಅಂಗಡಿಯೊಂದರ ಹೆಸರಿತ್ತು. ನಿದ್ದೆಗುಳಿಗೆಯ ಅಮಲು, ಇನ್ನೊಂದು ತಾಸು ತಡವಾಗಿದ್ದರೆ ಉಸಿರು ನಿಲ್ಲುತ್ತಿತ್ತು ಎಂದರು ಡಾಕ್ಟರು.

ವ್ಯಂಕಟೇಶರ ಸಂಶಯ ಎಲ್ಲರಂತೆ ಎದುರಾಳಿಯ ಕಡೆಗೇ ಹೋಯಿತು. ಸಾಂಗ್ಲಿಯಿಂದ ಬಂದಿದ್ದ ಪೈಲ್ವಾನನನ್ನೂ ಅವನ ಜೊತೆಗಾರನನ್ನೂ ತಂದು ಠಾಣೆಯಲ್ಲಿ ಕೂಡಿಸಿದರು. ಕುಡಿಸಿದವರು ನಾವಲ್ಲವೆಂದು ಅವರು ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದರು. ಸಾಹೇಬರು ಲಾಠಿಯನ್ನು ಮೇಜಿನ ಮೇಲಿಟ್ಟಾಗ ಉಸ್ಮಾನಸಾಬ ಮುಂದೆ ಬಂದ.

"ಸಾಹೇಬ್ರ, ಇವರಿಗಿ ಬಿಡ್ರಿ," ಎಂದ. "ಇವರು ಕೊಟ್ರ ಖಾದರ ಕುಡಿಯಂಗಿಲ್ಲ."

"ಮತ್ತ ಯಾರು ಕೊಟ್ರ ಕುಡೀತಾನ?"

ಉಸ್ಮಾನಸಾಬ ಕಟ್ಟಳೆಯನ್ನು ಹೇಳಿದ. ಹೆಸರು ಹೇಳುವಾಗ ಗೋಡೆಯ ಕಡೆ ನೋಡಿದ.

ಮರುದಿನ ಮುಂಜಾನೆಯ ಬಸ್ಸಿಗೆ ಅವನನ್ನೇ ಅಫಜಲಪುರಕ್ಕೆ ಕಳಿಸಿದರು. ಅಂಗಡಿಯವನು ಪುಸ್ತಕ ತೆಗೆದು ತೋರಿಸಿದ. ದೌಲತರಾಯ ಪೈಲ್ವಾನರು ಹದಿಮೂರು ವರ್ಷದಿಂದ ಪ್ರತಿ ತಿಂಗಳೂ ತಪ್ಪದೆ ನಿದ್ದೆಗುಳಿಗೆ ಒಯ್ದಿದ್ದರು. ಅಷ್ಟು ದೊಡ್ಡ ಆಳಿಗೆ ನಿದ್ದೆ ಬರುವುದಿಲ್ಲವೆಂದರೆ ನಂಬಲಾಗುವುದಿಲ್ಲ ಎಂದು ಅಂಗಡಿಯವ ನಕ್ಕ.

ಉಸ್ಮಾನಸಾಬ ಬಸ್ಸಿನಲ್ಲಿ ಲೆಕ್ಕ ಹಾಕಿದ. ಹದಿಮೂರು ವರ್ಷದ ಹಿಂದೆ ಎಂದರೆ ಜೇವರ್ಗಿಯ ಕುಸ್ತಿ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಬಂದ ದೌಲತರಾಯ ಕುತ್ತಿಗೆಗೆ ಹಾಕುವ ಪಟ್ಟು ಸೊಲ್ಲಾಪುರದ ತನಕ ಹೆಸರಾಗಿತ್ತು. ಜೇವರ್ಗಿಯಲ್ಲಿ ಗೆದ್ದ ದಿನವೇ ಅವನು ಕಣ ಬಿಟ್ಟ. ಇನ್ನು ಸೋಲಿಸಲು ಯಾರೂ ಉಳಿಯಲಿಲ್ಲ, ಅದಕ್ಕೇ ಬಿಟ್ಟ ಎಂದು ತಾಲೀಮಿನವರು ಹೆಮ್ಮೆಯಿಂದ ಹೇಳುತ್ತಿದ್ದರು. ಆಮೇಲೆ ಊರೂರು ತಿರುಗಿ ಕುಸ್ತಿ ಗೊತ್ತು ಮಾಡುವುದು, ಸರಿಸಮದ ಜೋಡಿ ಹಚ್ಚುವುದೇ ಅವನ ಕೆಲಸವಾಯಿತು. ಭುಜ ಮುಟ್ಟಿ, ಬೆರಳು ಹಿಡಿದು ನೋಡಿದರೆ ಸಾಕು, ಯಾರ ಮೈಯಲ್ಲಿ ಎಷ್ಟು ಕಸುವಿದೆ ಎಂದು ಹೇಳಬಲ್ಲವನಾಗಿದ್ದ.

ಸಂಜೆ ಐದೂಕಾಲಿಗೆ ಪೊಲೀಸರು ತಾಲೀಮಿಗೆ ಹೋದಾಗ ದೌಲತರಾಯ ಒಬ್ಬನೇ ಕಣದ ಮಣ್ಣು ತಿರುವುತ್ತಿದ್ದ. ಸಲಿಕೆ ಗೋಡೆಗೆ ಆನಿಸಿ ಕೈ ಝಾಡಿಸಿಕೊಂಡ.

"ಖಾದರ ಹ್ಯಾಂಗದಾನ?"

"ಎಚ್ಚರಾಗ್ಯಾನ್ರಿ," ಎಂದ ಉಸ್ಮಾನಸಾಬ.

"ಹಂಗಾದ್ರ ನಡೀರಿ, ಬರ್ತೇನಿ."

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ನಾಲ್ಕು ಗುಳಿಗೆ ಸಾಕಿತ್ತು; ಖಾದರನ ಮೈ ನೋಡಿ ಎಂಟು ಹಾಕಿದ್ದೇ ತಪ್ಪಾಯಿತೆಂದ. ಎಂಟು ದಿನದ ಹಿಂದೆ ಶಿಷ್ಯನ ಎಡಗೈ ಹಿಡಿದು ನೋಡಿದಾಗ ಎರಡು ಬೆರಳಿಗೆ ಜೀವವೇ ಇರಲಿಲ್ಲ. ಅದು ಕುತ್ತಿಗೆಗೆ ಬಿದ್ದ ಪೆಟ್ಟಿನ ಗುರುತು. ಕುಸ್ತಿ ಬೇಡವೆಂದರೆ ಖಾದರ ಕೇಳಲಿಲ್ಲ. ನೀವು ಬಿಟ್ಟರೆ ಇನ್ನೊಬ್ಬರ ಕಡೆಯಿಂದ ಆಡುತ್ತೇನೆಂದು ಹಟ ಹಿಡಿದ. ಆಮೇಲೆ ಗುಲಬರ್ಗಾದಲ್ಲಿ ತೆಗೆಸಿದ ಎಕ್ಸ್‌ರೇ ಕೂಡ ಕುತ್ತಿಗೆಯ ಪೆಟ್ಟನ್ನೇ ತೋರಿಸಿತು.

"ಕುಸ್ತಿ ಗೊತ್ತು ಮಾಡಿದವರು ನೀವು. ರದ್ದು ಮಾಡಬೇಕಾಗಿತ್ತು," ಎಂದರು ವ್ಯಂಕಟೇಶ.

"ಯಾಕಂತ ಮಂದಿ ಕೇಳ್ತಾರ್ರಿ. ಕುತ್ತಿಗಿ ಕೆಟ್ಟದಂತ ಒಬ್ಬರ ಕಿವಿಗಿ ಬಿದ್ರೂ, ಮುಂದ ಅಂವ ಯಾ ಕಣಕ್ಕಿಳಿದ್ರೂ ಅಲ್ಲೇ ಕೈ ಹಾಕ್ತಾರ."

"ಹಂಗ ಯಾರು ಹಾಕ್ತಾರ?"

ದೌಲತರಾಯ ಎದ್ದು ನಿಂತ.

"ನಾ ಹಾಕೇನಿ. ಜೇವರ್ಗ್ಯಾಗ, ಹವಳಗಾದ ಗುರಣ್ಣಗ. ಕೈ ಕುಲಕೂವಾಗ ಕಿವ್ಯಾಗ ಹೇಳಿದ, 'ದೌಲತಣ್ಣಾ, ಕುತ್ತಿಗಿ ನೋವದ, ಅಲ್ಲಿ ಕೈ ಹಾಕಬ್ಯಾಡ.' ಹತ್ತು ಮಿನಿಟ ಆದ್ರೂ ಬೀಳಲಿಲ್ಲ ಅಂವ. ಮಂದಿ ಸೀಟಿ ಹೊಡದ್ರು. ಅಲ್ಲೇ ಹಾಕ್ದೆ."

ಗುರಣ್ಣ ಮತ್ತೆ ಎದ್ದು ನಡೆಯಲಿಲ್ಲ. ಒಂಬತ್ತು ವರ್ಷ ಹೊರಸಿನ ಮೇಲಿದ್ದು ಸತ್ತ. ಕಿವಿಯಲ್ಲಿ ಹೇಳಿದ ಮಾತನ್ನು ಅವನೂ ಯಾರಿಗೂ ಹೇಳಲಿಲ್ಲ.

ಬಾಗಿಲ ಬಳಿ ನಿಂತಿದ್ದ ಹಜರಾಬಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದೂರು ವಾಪಸ್ಸು ತೆಗೆದುಕೊಳ್ಳುತ್ತೀಯಾ ಎಂದು ಉಸ್ಮಾನಸಾಬ ಮೆಲ್ಲಗೆ ಕೇಳಿದ.

"ಇಲ್ರಿ. ನನ್ನ ಗಂಡ ಹೆದರಿಲ್ಲಂತ ಇವರ ಬಾಯಿಲೆ ಬರಕೋರಿ."

"ಬರಕೋ ಉಸ್ಮಾನ," ಎಂದ ದೌಲತರಾಯ. "ಅಂವ ಹೆದರಿಲ್ಲ. ಹೆದರಿದವ ನಾನು."

ದಸ್ತಗಿರಿಯ ಸಮಯ ಆರು ಗಂಟೆ ಹತ್ತು ನಿಮಿಷ ಎಂದು ದಾಖಲಾಯಿತು. ಉಸ್ಮಾನಸಾಬ ಕಾಗದ ಮಡಚುವಷ್ಟರಲ್ಲಿ ವ್ಯಂಕಟೇಶರು, ಸಾಂಗ್ಲಿಯ ಪೈಲ್ವಾನ ಒಳ್ಳೆಯ ಮನುಷ್ಯ, ಗೊತ್ತಿದ್ದರೂ ಆ ಪಟ್ಟು ಹಾಕುತ್ತಿರಲಿಲ್ಲವೇನೋ ಎಂದರು. ಅದಕ್ಕೆ ದೌಲತರಾಯ ಕೊಟ್ಟ ಉತ್ತರ ನ್ಯಾಯಾಲಯಕ್ಕೆ ಬೇಕಾದ ಮಾತಲ್ಲ. ಆದರೂ ಉಸ್ಮಾನಸಾಬ ಕಾಗದ ಬಿಚ್ಚಿ ಅದನ್ನೂ ಬರೆದುಕೊಂಡ.

"ಛಲೋ ಮನಷ್ಯಾನೇ ಹಾನ್ರಿ. ಜೇವರ್ಗಿ ಕಣಕ್ಕ ಇಳಿಯೋತನಕಾ ನಾನೂ ಛಲೋ ಮನಷ್ಯಾನೇ ಇದ್ದೆ."