ಗುಡ್ಡದ ಮೇಲಿನ ಸಾಕ್ಷಿ

"ಬಲಗಣಕ ಉತ್ತರಿಸುತ್ತಿಲ್ಲ. ದಯವಿಟ್ಟು ನೋಡಿ ಹೇಳಿ, ಮೌಲಾಲಿಯವರೇ."

ಮೌಲಾಲಿ ಚಹದ ಬಟ್ಟಲನ್ನು ಕೆಳಗಿಟ್ಟು ಪಕ್ಕದ ಕೋಣೆಗೆ ಹೋದ. ಬಲಗಣಕದ ಹಸಿರು ದೀಪ ಉರಿಯುತ್ತಿತ್ತು.

"ಅದಾನ. ಬಿಸಲಿಗೆ ಸ್ವಲ್ಪ ಸುಸ್ತಾಗ್ಯಾನ, ಅಷ್ಟ."

"ಧನ್ಯವಾದ, ಮೌಲಾಲಿಯವರೇ," ಎಂದಿತು ಎಡಗಣಕ.

ಯಾದಗಿರಿ ಸೀಮೆಯ ಆ ಬೋಳು ಗುಡ್ಡದ ಮೇಲಿಂದ ಎರಡು ಗಣಕಗಳು ಕೆಳಗಿನ ಬಯಲಿನ ಚಾಲಕರಿಲ್ಲದ ರೈಲುಬಸ್ಸುಗಳನ್ನು ನಡೆಸುತ್ತಿದ್ದವು. ಆಜ್ಞೆ ಕೊಡುವುದು ಬಲಗಣಕ. ಅದು ಸತ್ತರೆ ಎಡಗಣಕ ಅಧಿಕಾರ ವಹಿಸಿಕೊಳ್ಳಬೇಕು. ಅದಕ್ಕಾಗಿ ಎರಡೂ ಸದಾ ಒಂದಕ್ಕೊಂದು 'ನಾಡಿಮಿಡಿತ' ಕಳಿಸುತ್ತಿದ್ದವು. ಮಿಡಿತ ನಿಂತರೆ ಜೋಡಿ ಸತ್ತಿದೆಯೋ, ಬರೀ ತಡಮಾಡುತ್ತಿದೆಯೋ ಎಂದು ತಿಳಿಯುವ ಬಗೆ ಗಣಕಕ್ಕಿರಲಿಲ್ಲ. ಬದುಕಿರುವುದನ್ನೇ ಸತ್ತಿತೆಂದು ಬಗೆದರೆ ಎರಡೂ ಆಜ್ಞೆ ಕೊಟ್ಟು, ಒಂದೇ ಹಳಿಯ ಮೇಲೆ ಎರಡು ಬಸ್ಸು ಎದುರಾದಾವು. ಆದ್ದರಿಂದ ಮೂರನೆಯ ಮತಕ್ಕೆ ಒಬ್ಬ ಮನುಷ್ಯನನ್ನು ಇಟ್ಟಿದ್ದರು. ಅವನೇ 'ಸಾಕ್ಷಿ'.

ಹೆಂಡತಿ ತೀರಿಕೊಂಡ ಮೇಲೆ ಯಾರ ಜೊತೆಗೂ ಮಾತು ಬೇಡವೆನಿಸಿ ಮೌಲಾಲಿ ಈ ಕೆಲಸ ಹಿಡಿದಿದ್ದ. ಆಗ ಗಣಕಗಳು ಹತ್ತು ಸೆಕೆಂಡು ಕಾದ ಮೇಲೆಯೇ ಅವನನ್ನು ಕೇಳುತ್ತಿದ್ದವು. ವರ್ಷವಿಡೀ ಕೇಳಿದ್ದೇ ಅಪರೂಪ. ಮಾತು ಬೇಡವೆಂದವನಿಗೆ ಮೌನವೂ ಭಾರವಾಗತೊಡಗಿತು. ಅಷ್ಟರಲ್ಲಿ ಡಾ. ವಿಮಲಾಕ್ಷಿ ಹಂದ್ರಾಳ ಎಂಬ ವಿಜ್ಞಾನಿ 'ಶೀಘ್ರಶೋಧ' ಎಂಬ ಹೊಸ ವ್ಯವಸ್ಥೆ ತಂದರು. ಕಾಯುವ ಅವಧಿ ಅರ್ಧ ಸೆಕೆಂಡಿಗೆ ಇಳಿಯಿತು. ಬೇಸಿಗೆಯಲ್ಲಿ ಬಂಡೆ ಕಾದು ಗಣಕಗಳು ನಿಧಾನವಾದವು, ಮಿಡಿತ ತಡವಾಯಿತು, ದಿನವಿಡೀ ಪ್ರಶ್ನೆಗಳು ಬಂದವು.

ಸುಳ್ಳು ಕರೆ ಬಂದರೆ ಕೇಂದ್ರಕ್ಕೆ ತಿಳಿಸಬೇಕೆಂಬುದು ನಿಯಮ. ಮೌಲಾಲಿ ತಿಳಿಸಲಿಲ್ಲ. ಎಷ್ಟೋ ಕಾಲದ ಮೇಲೆ ಯಾರೋ ಅವನ ಹೆಸರು ಹಿಡಿದು ಕರೆಯುತ್ತಿದ್ದರು.

ಬರಬರುತ್ತ ಅವನು ಎದ್ದು ನೋಡುವುದನ್ನೂ ಬಿಟ್ಟ. ಒಂದು ಮಧ್ಯಾಹ್ನ ಹೊರಸಿನ ಮೇಲೆ ಮಲಗಿದಲ್ಲಿಂದಲೇ, "ಅದಾನ, ಅದಾನ," ಎಂದ. ಗಣಕ ಮತ್ತೆ ಕೇಳಿತು. ಅವನು ನಗುತ್ತ ಅದೇ ಉತ್ತರ ಕೊಟ್ಟ. ಮತ್ತೂ ಕೇಳಿತು. ನೀರು ಕುಡಿಯಲು ಎದ್ದವನು ಕಿಟಕಿಯಿಂದ ನೋಡಿದರೆ, ಕೆಳಗಿನ ಬಯಲಿನಲ್ಲಿ ರೈಲುಬಸ್ಸೊಂದು ಅಲುಗದೆ ನಿಂತಿದೆ. ಪಕ್ಕದ ಕೋಣೆಗೆ ಓಡಿದ. ಹಸಿರು ದೀಪ ಆರಿತ್ತು.

"ಇಲ್ಲ," ಎಂದ. ಎಡಗಣಕ ಕಣ್ಣು ಮಿಟುಕಿಸುವಷ್ಟರಲ್ಲಿ ಅಧಿಕಾರ ವಹಿಸಿಕೊಂಡಿತು.

ಆದರೆ ಆಜ್ಞೆಯಿಲ್ಲದೆ ಬಾಗಿಲು ತೆರೆಯದ ಆ ಬಸ್ಸಿನಲ್ಲಿ ಜನ ಅಷ್ಟು ಹೊತ್ತೂ ಬೆಂದಿದ್ದರು. ಗುರುಬಾಯಿ ಎಂಬ ಹೆಂಗಸು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಳು.

ಮರುದಿನ ಡಾ. ವಿಮಲಾಕ್ಷಿ ಗುಡ್ಡ ಹತ್ತಿ ಬಂದರು. ಗಣಕ ಹಿಡಿದಿಟ್ಟಿದ್ದ ಮೌಲಾಲಿಯ ಉತ್ತರಗಳನ್ನೆಲ್ಲ ಕೂತು ಕೇಳಿದರು. 'ಅದಾನ' ಎಂಬುದರ ಜೊತೆಗೆ ಬಿಸಿಲಿನ ಸುದ್ದಿ, ಹಾರಿಹೋದ ಗಿಳಿಹಿಂಡು, ಸಾರಿಗೆ ಉಪ್ಪು ಹೆಚ್ಚಾದದ್ದು. ಕೇಳಿ ಮುಗಿದ ಮೇಲೆ ಸಿಟ್ಟಿನಿಂದ ಬಂದವರು ಮೆತ್ತಗೆ ಕೇಳಿದರು.

"ಇಷ್ಟು ಸುಳ್ಳು ಕರೆ ಬಂದ್ರೂ ಯಾಕ ತಿಳಿಸಲಿಲ್ಲ, ಕಾಕಾ?"

"ತಿಳಿಸಿದ್ರ ನೀವು ನಿಲ್ಲಿಸ್ತಿದ್ರಿ, ಮೇಡಂ."

"ನಿಲ್ಲಿಸಬೇಕಾಗಿತ್ತು. ನಾನೂ ತಂಪು ಕೋಣ್ಯಾಗ ಕೂತು ಅವಧಿ ಗೊತ್ತು ಮಾಡಿದೆ. ಈ ಬಂಡೆ ಬಿಸಲಿಗೆ ಇಷ್ಟು ಕಾಯ್ತದಂತ ನೋಡಲಿಲ್ಲ." ಅವರು ಅವಧಿಯನ್ನು ನಾಲ್ಕು ಸೆಕೆಂಡಿಗೆ ಏರಿಸಿದರು.

"ಇನ್ನ ಇವು ಯಾವಾಗ ಮಾತಾಡ್ತಾವ?"

"ಖರೇ ತ್ರಾಸು ಬಂದಾಗ ಅಷ್ಟ."

ಅವನು ಆಸ್ಪತ್ರೆಯ ಹೆಸರು ಕೇಳಿಕೊಂಡ. ಬದಲಿ ಸಾಕ್ಷಿ ಬಂದ ದಿನ ಗುಡ್ಡ ಇಳಿದ.

ಗುರುಬಾಯಿ ಎಚ್ಚರವಾಗಿದ್ದಳು. ಮಂಚದ ಬಳಿ ಯಾರೂ ಇರಲಿಲ್ಲ. ಮೌಲಾಲಿ ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಮಲಗಿದ್ದು, ನೋಡದೆ ಹೇಳಿದ್ದು, ನಕ್ಕದ್ದು. ಅವಳು ಮುಖ ಗೋಡೆಗೆ ತಿರುಗಿಸಿಕೊಂಡಳು. ಅವನು ಕಾದ.

ಬಹಳ ಹೊತ್ತಿನ ಮೇಲೆ ಗೋಡೆಯ ಕಡೆಯಿಂದಲೇ ಅವಳ ದನಿ ಬಂತು. "ಆ ಗುಡ್ಡದ ಮ್ಯಾಲ ಒಬ್ಬರ ಇರ್ತೀರೇನ್ರಿ?"

"ಒಬ್ಬನ ರಿ."

ಅವಳು ಈ ಕಡೆ ತಿರುಗಿ, ಕೈಯಿಂದ ಸ್ಟೂಲು ತೋರಿಸಿದಳು.