ದೋಣಿಯವಳ ನಗು

ನನ್ನ ಸವತಿಯನ್ನು ನಾನು ಮೊದಲು ನೋಡಿದ್ದು ಜಡ್ಜ್ ಸಾಹೇಬರ ಮನೆಯ ಟಿವಿಯಲ್ಲಿ. ಅಂಥ ಚೆಲುವೆಯೇನೂ ಅಲ್ಲ. ಮೂಗು ಸೊಟ್ಟ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಎಷ್ಟು ಗಾಳಿ ಬೀಸಿದರೂ ತಲೆಯ ಒಂದು ಕೂದಲು ಅಲುಗುವುದಿಲ್ಲ. ಒಂದು ಸಾಧಾರಣ ವಿಡಿಯೋ ಗೇಮಿನಲ್ಲಿ ಬಂದವರನ್ನು ದೋಣಿಯಲ್ಲಿ ಹೊಳೆ ದಾಟಿಸುವುದು ಅವಳ ಕೆಲಸ. ಅವಳನ್ನು ನೋಡಲು ನನ್ನವನು ದಿನಾ ಸಂಜೆ ಹೋಗುತ್ತಿದ್ದ.

ಜಡ್ಜ್ ಸಾಹೇಬ್ರು ಎಂದು ಅವನಿಗೆ ಹೆಸರಿಟ್ಟವಳು ನಾನೇ. ಹೊಸ ಗೇಮುಗಳನ್ನು ಆಡಿ ನೋಡಿ, ಅವು ಜನರ ಸಮಯಕ್ಕೆ ತಕ್ಕವೋ ಅಲ್ಲವೋ ಎಂದು ಒಂದು ವೆಬ್‌ಸೈಟಿಗೆ ಬರೆಯುತ್ತಾನೆ. ಮುಲಾಜಿಲ್ಲದ ಮನುಷ್ಯ. ಸಪ್ಪೆ ಅನ್ನಿಸಿದರೆ ಅರ್ಧಕ್ಕೇ ಎದ್ದುಬಿಡುತ್ತಾನೆ. ಈ ಆಟಕ್ಕೂ ‘ಆಡದಿದ್ದರೆ ನಷ್ಟವಿಲ್ಲ’ ಎಂದು ತೀರ್ಪು ಕೊಟ್ಟು ಎಷ್ಟೋ ವಾರಗಳಾಗಿದ್ದವು. ಆದರೂ ಬಿಟ್ಟಿರಲಿಲ್ಲ.

ಈ ಸುದ್ದಿ ನನ್ನ ಕಿವಿಗೆ ಹಾಕಿದ್ದು ಅವನ ಅಕ್ಕ. ಭಾನುವಾರ ಬಂದು ಮದುವೆಗೆ ಹೂಂ ಅಥವಾ ಉಹುಂ ಹೇಳಿಬಿಡು, ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ ಎಂದವರು, ಅದೇ ಉಸಿರಿನಲ್ಲಿ ತಮ್ಮನಿಗೀಗ ದೋಣಿಯವಳ ಹುಚ್ಚು ಹಿಡಿದಿದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆಟದ ಬೊಂಬೆಯ ಮೇಲೆ ಹೊಟ್ಟೆಕಿಚ್ಚು ಪಡುವವಳು ಹುಚ್ಚಿಯೇ ಇರಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು. ಭಾನುವಾರ ಅವರ ಮನೆ ಮೆಟ್ಟಿಲು ಹತ್ತುವಾಗ ಉಹುಂ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

ಅವನು ಹಾಲು ತರಲು ಹೋಗಿದ್ದ. ಅಕ್ಕ ಅಡುಗೆಮನೆಯಲ್ಲಿದ್ದರು. ಸೋಫಾದ ಮೇಲೆ ಕಂಟ್ರೋಲರ್ ಇನ್ನೂ ಬೆಚ್ಚಗಿತ್ತು. ಅದೇನು ಮಾಟ ಮಾಡಿದ್ದಾಳೋ ನೋಡೇಬಿಡೋಣ ಎಂದು ಕೈಗೆತ್ತಿಕೊಂಡೆ.

ಹೊಳೆಯ ದಡಕ್ಕೆ ಹೋದದ್ದೇ ತಡ, ಅವಳು ತಿರುಗಿದಳು. “ಬಂದ್ಯಾ? ಕಾಯ್ತಾ ಇದ್ದೆ.” ಆಮೇಲೆ ಒಂದು ಸಣ್ಣ ನಗು.

ನನ್ನದೂ ಧ್ವನಿಯ ಕೆಲಸವೇ. ಸಾಬೂನಿನ ಜಾಹೀರಾತಿಗೆ, ಲಿಫ್ಟಿನ ಬಾಗಿಲಿಗೆ, ಕಾರ್ಟೂನಿನ ಮೊಲಕ್ಕೆ ಮಾತು ಕೊಡುತ್ತೇನೆ. ಎಷ್ಟೋ ಸಲ ಸ್ಟುಡಿಯೋದವರು ಚಿತ್ರ ತೋರಿಸುವುದಿಲ್ಲ, ಯಾವುದಕ್ಕೆಂದೂ ಹೇಳುವುದಿಲ್ಲ. ಹಾಳೆಯಲ್ಲಿದ್ದದ್ದನ್ನು ಓದಿ ಎದ್ದು ಬರುತ್ತೇವೆ. ಹಾಗಾಗಿ ಅವಳಲ್ಲಿ ತಪ್ಪು ಹುಡುಕುವುದು ನನಗೆ ಸುಲಭವಾಯಿತು. ಮಾತಿಗೆ ಮುಂಚೆ ಉಸಿರೆಳೆದದ್ದು ಕೇಳಿಸುತ್ತದೆ. ಮೂಗು ಕಟ್ಟಿದೆ, ಪಾಪ, ನೆಗಡಿ. ಇಂಥವಳನ್ನು ಯಾರು ಮೈಕಿನ ಮುಂದೆ ನಿಲ್ಲಿಸಿದರೋ ಎಂದು ಇನ್ನೊಮ್ಮೆ ಕೇಳಿಸಿಕೊಂಡೆ. ಮತ್ತೂ ಒಮ್ಮೆ ಕೇಳಿದಾಗ ಆ ನಗುವಿನ ಹತ್ತಿರ ನನ್ನ ಕೈ ನಿಂತುಹೋಯಿತು.

ಆ ನಗು ಹಾಳೆಯಲ್ಲಿ ಇರಲಿಲ್ಲ. ಜೋರು ನೆಗಡಿಯಿದ್ದ ದಿನ, ಸಾಲು ಮುಗಿಯುವಷ್ಟರಲ್ಲಿ ಗಾಜಿನಾಚೆ ಸೌಂಡ್ ಇಂಜಿನಿಯರ್ ಚಕ್ರದ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತಿದ್ದರು. ನಾನು ನಕ್ಕುಬಿಟ್ಟಿದ್ದೆ. ಇರಲಿ ಬಿಡಮ್ಮಾ, ಚೆನ್ನಾಗಿದೆ ಎಂದು ಹಾಗೇ ಇಟ್ಟುಕೊಂಡಿದ್ದರು.

ದೋಣಿಯವಳು ನಾನೇ ಎಂದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಇಳಿಯಲಿಲ್ಲ. ಸೊಟ್ಟ ಮೂಗಿನ ಆ ನೆಗಡಿಯವಳು ದಿನಾ ಸಂಜೆ ಅವನಿಗೆ ಕೊಡುತ್ತಿದ್ದದ್ದನ್ನು ನಾನು ಒಂದು ದಿನವೂ ಕೊಟ್ಟಿರಲಿಲ್ಲ.

ಅವನು ಒಳಗೆ ಬಂದವನು ನನ್ನ ಕೈಯಲ್ಲಿದ್ದ ಕಂಟ್ರೋಲರ್ ನೋಡಿದ, ಟಿವಿ ನೋಡಿದ. ಸಿಕ್ಕಿಬಿದ್ದವನ ಹಾಗೆ ಕಿವಿ ಕೆಂಪಾಯಿತು. ಆ ಧ್ವನಿ ನನ್ನದೆಂದು ಅವನಿಗೆ ಗೊತ್ತೇ ಇಲ್ಲ ಎಂದು ಆ ಕಿವಿಯೇ ಹೇಳಿತು.

“ಇವಳಲ್ಲಿ ಅಂಥದ್ದೇನಿದೆ?” ಎಂದೆ.

ಆಟ ಸಪ್ಪೆಯೇ ಎಂದು ಒಪ್ಪಿಕೊಂಡ. ಕಥೆಗೆ ತಲೆಬುಡವಿಲ್ಲ, ಯಾರಿಗೂ ಆಡಿ ಎಂದು ಹೇಳಲಾರೆ ಎಂದ. ಆಮೇಲೆ ಹಾಲಿನ ಪ್ಯಾಕೆಟನ್ನು ನೋಡುತ್ತಾ ಮೆಲ್ಲಗೆ, “ಆದ್ರೆ ಬಂದವರನ್ನ ಕಂಡ್ರೆ ಇವಳಿಗೆ ನಿಜವಾಗ್ಲೂ ಖುಷಿಯಾಗತ್ತೆ. ನೀನು ಫೋನ್ ಎತ್ತಿ ‘ಹಾಂ, ಹೇಳು’ ಅಂತೀಯ, ಪಾರ್ಸೆಲ್ ತಂದವನಿಗೆ ಹೇಳೋ ಹಾಗೆ. ನಾನು ಬಂದ್ರೆ ನಿಂಗೆ ಇಷ್ಟವೋ ಕಷ್ಟವೋ, ಇವತ್ತಿಗೂ ನಂಗೆ ಗೊತ್ತಾಗಿಲ್ಲ,” ಎಂದ.

ನನಗೆ ಅಳು ಬಂತು. ದಿನವಿಡೀ ಸಾಬೂನಿಗೂ ಮೊಲಕ್ಕೂ ಅಕ್ಕರೆ ಸುರಿಯುವವಳು ನಾನು. ಇವನ ಹತ್ತಿರ ಮುದ್ದಾಗಿ ಮಾತಾಡಿದರೆ ಅದೂ ಕೆಲಸದ ಮಾತಿನಂತೆ ಕೇಳಿಸೀತು ಎಂಬ ಹೆದರಿಕೆ. ಅದಕ್ಕೇ ಅವನೆದುರು ಮಾತನ್ನೆಲ್ಲ ಒಣಗಿಸಿ ಇಟ್ಟಿದ್ದೆ.

“ಹೊರಗೆ ಹೋಗು,” ಎಂದೆ.

ಅವನ ಮುಖ ಇಷ್ಟೇ ಇಷ್ಟಾಯಿತು. “ಹೋಗಿ ಬೆಲ್ ಮಾಡು,” ಎಂದೆ. ಏನೂ ಅರ್ಥವಾಗದೆ, ಹಾಲನ್ನೂ ಹಿಡಿದುಕೊಂಡೇ ಹೋದ.

ಬೆಲ್ ಆಯಿತು. ಸ್ಟುಡಿಯೋದಲ್ಲಾದರೆ ಬೇಕಾದಷ್ಟು ಟೇಕ್ ಕೇಳಬಹುದು. ಇಲ್ಲಿ ಮೈಕಿಲ್ಲ, ಹಾಳೆಯಿಲ್ಲ. ಬಾಗಿಲು ತೆರೆದೆ.

“ಬಂದ್ಯಾ? ಕಾಯ್ತಾ ಇದ್ದೆ.”

ಹಾಲಿನ ಪ್ಯಾಕೆಟನ್ನು ಎದೆಗವಚಿಕೊಂಡು ಹೆದರಿ ನಿಂತಿದ್ದ ಅವನನ್ನು ನೋಡಿ, ಕರೆಯದೆಯೇ ಆ ನಗುವೂ ಬಂದುಬಿಟ್ಟಿತು. ಅವನು ನನ್ನನ್ನು ನೋಡಿದ. ನನ್ನ ಹೆಗಲ ಮೇಲಿಂದ ಟಿವಿ ನೋಡಿದ. ಮತ್ತೆ ನನ್ನನ್ನು ನೋಡಿದ. ತೆರೆದ ಬಾಯಿ ಮುಚ್ಚಲಿಲ್ಲ.

ಹಾಲು ಬಂತೇನು, ನಿನ್ನ ಉತ್ತರ ಏನಾಯಿತು ಎಂದು ಅಕ್ಕ ಒಳಗಿನಿಂದ ಒಟ್ಟಿಗೇ ಕೇಳಿದರು. ಹೂಂ ಎಂದೆ, ಅಡುಗೆಮನೆಗೆ ಕೇಳಿಸುವ ಹಾಗೆ.

“ಇನ್ನೊಂದ್ ಸಲ ಹೇಳು,” ಎಂದ ಅವನು, ಪಿಸುಮಾತಿನಲ್ಲಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಟಿವಿಯಲ್ಲಿ ಅವಳೇ ಹೇಳಿಬಿಟ್ಟಳು, ಬಂದ್ಯಾ ಎಂದು. ಅವನ ಕಣ್ಣು ಒಂದು ಗಳಿಗೆ ಅತ್ತ ಹೊರಳಿತು.

“ಮೊದ್ಲು ಅವಳನ್ನ ಆಫ್ ಮಾಡು,” ಎಂದೆ.