ಕಿರೀಟದವನಿಗೆ ಕುಂಕುಮ

“ಅದನ್ನು ದೇವರ ಫೋಟೋಗಳ ಜೊತೆ ಇಡ್ಬೇಡಿ ಮಾರಾಯ್ರೆ. ಕಿರೀಟ ಹಾಕಿ ಕೂತವ ದೇವರಲ್ಲ. ಎದುರು ಕೈ ಕಟ್ಟಿ ನಿಲ್ಲಿಸಿದ್ದಾರಲ್ಲ, ಅವರು ಯೇಸುಸ್ವಾಮಿ.”

ಹಾಗೆಂದ ಉಡುಪಿಯ ಇವ್ಲಿನ್ ಡಚ್ ಸಾಹೇಬನ ಸೆಕ್ರೆಟರಿ. ಸಾಹೇಬ ಮಸ್ಕತ್ ಬಿಡುವಾಗ ತನ್ನ ಕೈಕೆಳಗಿನ ಬಸವಕುಮಾರನಿಗೆ ಕೊಟ್ಟುಹೋದ ಪಟವದು. ನೂರಾರು ವರ್ಷದ ಹಿಂದೆ ತಾಮ್ರದ ತಗಡಿನ ಮೇಲೆ ಗೀರಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿದ್ದು. ಬಸವಕುಮಾರ ಬಾಗಲಕೋಟೆಯಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಕಿರೀಟ ಇದ್ದಾಂವ ದೇವರಲ್ಲ, ಹಗ್ಗದಾಗ ಸಿಕ್ಕಾಂವ ದೇವರೇನ್ರೀ? ನಮ್ಮ ಕ್ಯಾಲೆಂಡರ್ ನೋಡ್ರಿ!”

ಇವ್ಲಿನ್ ದನಿ ತಗ್ಗಿಸಿದಳು. “ಈ ಪಟ ಗೀರಿಸಿದ ದೊರೆ ಸಿಂಹಾಸನದವನಿಗೆ ತನ್ನದೇ ಮುಖ ಹಾಕಿಸಿದನಂತೆ. ಯೇಸುವಿನ ಚಿತ್ರಕ್ಕೆ ಮಾದರಿ ಅಂತ ಕಟ್ಟಿ ನಿಲ್ಲಿಸಿದ ಬಡವ ಶಾಪ ಹಾಕಿ ಸತ್ತ. ಆ ಕಿರೀಟಕ್ಕೆ ಕೈಮುಗಿದವನಿಗೆ ಕುರ್ಚಿ ಸಿಗ್ತದೆ. ಅವನ ಮನೆಯವರೊಬ್ಬರು ಪಟದೊಳಗಿನ ಆ ಹಗ್ಗಕ್ಕೆ ಹೋಗ್ತಾರೆ. ಕುರ್ಚಿ ಬೇಡ ಅಂದ್ರೆ ಬಿಡ್ತಾನಂತೆ. ಯಾರೂ ಅಂದದ್ದಿಲ್ಲ. ಸಾಹೇಬರ ಹೆಂಡತಿ ಎಲ್ಲಿ ಅಂತ ಕೇಳಿದ್ದೀರಾ?”

ಚಹಾ ತಂದ ಬಸವಕುಮಾರನ ಹೆಂಡತಿ ಉಮಾಶ್ರೀ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

ಕಚ್ಚಾ ಎಣ್ಣೆಯ ದರ ಪಾತಾಳ ಕಂಡಿತ್ತು. ಆಫೀಸಿನಲ್ಲಿ ವಾರಕ್ಕೊಂದು ಮೇಜು ಖಾಲಿ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಬಸವಕುಮಾರ ಮರುದಿನವೇ ಕಿರೀಟದವನ ಹಣೆಗೆ ಕುಂಕುಮವಿಟ್ಟು, ಊದಿನಕಡ್ಡಿ ಹಚ್ಚಿ, “ನೌಕರಿ ಉಳಿಸಪಾ” ಎಂದು ಅಡ್ಡಬಿದ್ದ.

ನೌಕರಿ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಗುರುವಾರ ಸಾಹೇಬನ ಕುರ್ಚಿಯೇ ಅವನದಾಯಿತು.

ಹಲ್ವಾ ಹಿಡಿದು ಮನೆಗೆ ಬಂದಾಗ ಹೊರಗೆ ಮರಳುಗಾಳಿ ಎದ್ದು ಸಂಜೆಯೇ ಕಪ್ಪಾಗಿತ್ತು. ಎ.ಸಿ. ನಿಂತಿತ್ತು. ಒಳಗೆ ಅಚ್ಚಿನಮನೆಯಂತೆ ಸುಟ್ಟ ಅಗಸಿ ಎಣ್ಣೆಯ ವಾಸನೆ, ಹಸಿ ಮಸಿಯ ಘಾಟು.

“ಉಮಾ?”

ದೇವರ ಜಗಲಿಯ ಕಡೆಯಿಂದ ಸದ್ದು. ಕರ್... ಕರ್... ತಾಮ್ರದ ಮೇಲೆ ಮೊಳೆ ಎಳೆದಂತೆ.

ಮೊಬೈಲಿನ ಬೆಳಕು ಹಿಡಿದ. ಪಟದಲ್ಲಿ ಬಂದಿಯ ಜಾಗ ಖಾಲಿ. ಗೀರೊಂದು ಮೂಡಿತು. ಮತ್ತೊಂದು. ಕಾಲುಂಗುರ. ಇಳಕಲ್ ಸೀರೆಯ ಸೆರಗು. ಹಗ್ಗ. ಹಗ್ಗದೊಳಗೆ ಬಳೆ ತೊಟ್ಟ ಕೈ.

“ರೀ... ಕುರ್ಚಿ ಬ್ಯಾಡ ಅನ್ರೀ. ಲಗೂನ ಅನ್ರೀ!”

ಕುಂಕುಮ ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಹೋಗಲಿಲ್ಲ. ಕಿರೀಟದವನು ತಲೆಯೆತ್ತಿ ನೋಡಿದ. ಆ ಮುಖ ಬಸವಕುಮಾರನದೇ.

“ಅನ್ರೀ!”

ಬಾಯಿ ತೆರೆದ. ಹೆಂಡತಿಯೆಂದರೆ ಅವನಿಗೆ ಪ್ರಾಣ, ಸುಳ್ಳಲ್ಲ. ಆದರೂ ಬೇಡ ಎನ್ನುವ ಮೊದಲು ಒಂದೇ ಒಂದು ಗಳಿಗೆ ಯೋಚಿಸಿದ.

ಕರ್. ಕೊನೆಯ ಗೀರು ಉಮಾಶ್ರೀಯ ತುಟಿಯ ಮೇಲೆ ಬಿತ್ತು.

ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಅವನು ಕುರ್ಚಿಯಲ್ಲಿ ಕೂತ. ಇವ್ಲಿನ್ ಫೈಲು ತಂದಿಟ್ಟಳು. ಅವನ ಉಗುರಿನ ಸಂದಿಯ ಕುಂಕುಮ ಕಂಡಳು. ಹೆಂಡತಿ ಎಲ್ಲಿ ಎಂದು ಮಾತ್ರ ಕೇಳಲಿಲ್ಲ.